ಬೂಷ್ಟಿನ ಮಗ್ಗದಲ್ಲಿ ನಕ್ಷೆ ಎಲ್ಲಿದೆ?

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿದು, ಹೂವು ಉದುರಿ, ಸಣ್ಣ ಕಾಳಿನ ಗೊಂಚಲುಗಳು ಕಣ್ಣಿಗೆ ಬೀಳುವ ಹೊತ್ತಿಗೆ ದ್ರಾಕ್ಷಿ ತೋಟಗಳಲ್ಲಿ ಒಂದು ನಾಜೂಕಿನ ಕೆಲಸ ಶುರುವಾಗುತ್ತದೆ. ಆಳುಗಳು ಪ್ಲಾಸ್ಟಿಕ್ ಡಬ್ಬ ಹಿಡಿದು ಸಾಲಿನುದ್ದಕ್ಕೂ ನಡೆಯುತ್ತ ಒಂದೊಂದೇ ಗೊಂಚಲನ್ನು ಡಬ್ಬದ ನೀರಿನಲ್ಲಿ ಅದ್ದಿ ಬಿಡುತ್ತಾರೆ. ಅಲ್ಲಿಯವರ ಬಾಯಲ್ಲಿ ಅದು ‘ಡಿಪ್ಪಿಂಗ್’; ನೀರಿಗೆ ಬೆರೆಸಿದ್ದು ‘ಜಿ.ಎ.’. ಬಿಳಿ ಪುಡಿ, ನೀರಿನಲ್ಲಿ ಸುಲಭಕ್ಕೆ ಕರಗದು. ಒಂದು ಗ್ರಾಂ ಪುಡಿಯನ್ನು ಮೊದಲು ಒಂದಿಷ್ಟು ಸ್ಪಿರಿಟ್‌ನಲ್ಲಿ ಕರಗಿಸಿ, ಆಮೇಲೆ 25 ಲೀಟರ್ ನೀರಿಗೆ ಸುರಿದರೆ ಹತ್ತು ಲಕ್ಷಕ್ಕೆ 40 ಪಾಲಿನ ದ್ರಾವಣ ಸಿದ್ಧ. ಬೀಜವಿಲ್ಲದ ದ್ರಾಕ್ಷಿ ತಾನಾಗಿ ಅಷ್ಟೊಂದು ದಪ್ಪಗಾಗದು. ಬೀಜ ಕೊಡಬೇಕಿದ್ದ ಹಾರ್ಮೋನನ್ನು ಡಬ್ಬ ಕೊಡುತ್ತದೆ. ಹಾರ್ಮೋನು ಗಿಡದ್ದೇ ಹೌದು, ಆದರೆ ಆ ಪುಡಿ ಬಂದದ್ದು ಗಿಡದಿಂದಲ್ಲ. ಭತ್ತಕ್ಕೆ ರೋಗ ತರುವ ಒಂದು ಬೂಷ್ಟನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ, ಅದರ ದ್ರವದಿಂದ ತೆಗೆದದ್ದು.

ಗದ್ದೆಯಲ್ಲಿ ಒಂದೊಂದು ಸಸಿ ಮಾತ್ರ ಅಕ್ಕಪಕ್ಕದವನ್ನೆಲ್ಲ ಮೀರಿ ಸಪೂರವಾಗಿ ಎತ್ತರಕ್ಕೆ ಏರಿ, ತೆನೆ ಕಟ್ಟದೆ ಒರಗಿಬಿಡುವ ಈ ಕಾಯಿಲೆಗೆ ಜಪಾನಿನ ರೈತರು ‘ಬಕಾನೆ’, ಅಂದರೆ ಪೆದ್ದು ಸಸಿ, ಎಂದು ಹೆಸರಿಟ್ಟಿದ್ದರು. 1926ರಲ್ಲಿ ತೈವಾನಿನಲ್ಲಿ ಕೆಲಸ ಮಾಡುತ್ತಿದ್ದ ಎಯಿಚಿ ಕುರೊಸಾವಾ ಬೂಷ್ಟು ಬೆಳೆದ ದ್ರವವನ್ನು ಸೋಸಿ, ಬೂಷ್ಟಿನ ಸುಳಿವಿಲ್ಲದ ಆ ನೀರನ್ನಷ್ಟೇ ಹಾಕಿದರೂ ಸಸಿ ಪೆದ್ದಾಗುತ್ತದೆ ಎಂದು ತೋರಿಸಿದರು. 1935ರಲ್ಲಿ ಟೈಜಿರೋ ಯಾಬುತಾ ಆ ವಸ್ತುವಿಗೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು. ಗಿಡಗಳೂ ಇದನ್ನೇ ತಯಾರಿಸಿಕೊಳ್ಳುತ್ತವೆ ಎಂಬುದು ಖಚಿತವಾದದ್ದು ಎಷ್ಟೋ ಕಾಲದ ಮೇಲೆ, 1950ರ ದಶಕದಲ್ಲಿ.

ಡಬ್ಬದ ‘ಜಿ.ಎ.’, ಅಂದರೆ ಜಿಬ್ಬರೆಲಿಕ್ ಆಮ್ಲದ ಅಣುವಿನಲ್ಲಿರುವುದು 19 ಇಂಗಾಲ, 22 ಜಲಜನಕ, 6 ಆಮ್ಲಜನಕ. ಇಷ್ಟೇ ಸರಕು, ಆದರೆ ಉಂಗುರಕ್ಕೆ ಉಂಗುರ ಕಚ್ಚಿಕೊಂಡು, ಒಂದರ ಮೇಲೊಂದು ಸೇತುವೆ ಹಾಕಿಕೊಂಡು ಕುಳಿತಿರುವ ರೀತಿ ಎಂಥ ರಸಾಯನತಜ್ಞನಿಗೂ ಬೆವರಿಳಿಸುವಂಥದ್ದು. ಹಾರ್ವರ್ಡ್‌ನ ಇ. ಜೆ. ಕೋರಿ ಅವರ ತಂಡ ಅದನ್ನು ಪ್ರಯೋಗಶಾಲೆಯಲ್ಲಿ ಬುಡದಿಂದ ಕಟ್ಟಿ ಮುಗಿಸಿದ್ದು 1978ರಲ್ಲಿ, ಹತ್ತಾರು ಹಂತಗಳ ನಂತರ. ಫ್ಯುಸೇರಿಯಂ ಫುಜಿಕುರೊಯ್ ಎಂಬ ಬೂಷ್ಟು ಅದನ್ನು ಏಳು ಜೀನ್‌ಗಳಿಂದ, ಕೋಣೆಯ ಬಿಸಿಯಲ್ಲಿ, ಸಕ್ಕರೆ ತಿಂದುಕೊಂಡು ಮಾಡುತ್ತದೆ. ಆ ಏಳೂ ಜೀನ್‌ಗಳು ಒಂದೇ ಕ್ರೋಮೋಸೋಮಿನಲ್ಲಿ ಪಕ್ಕಪಕ್ಕದ ಮನೆಗಳಲ್ಲಿವೆ.

ಬೂಷ್ಟುಗಳು ಇಂಥ ಜಟಿಲ ವಸ್ತುಗಳನ್ನು ಹೇಗೆ ಕಟ್ಟುತ್ತವೆ? ಸುಮಾರು ನೂರು ವರ್ಷದ ಹುಡುಕಾಟದ ನಂತರ ಈ ಪ್ರಶ್ನೆಯ ಅರ್ಧಕ್ಕೆ ಉತ್ತರ ಸಿಕ್ಕಿದೆ. ಕಟ್ಟುವ ಆಳುಗಳು ಯಾರು ಎಂಬುದು ಗೊತ್ತಾಗಿದೆ. ಯಾವ ಆಳು ಯಾವಾಗ ಕೈ ಹಾಕಬೇಕೆಂದು ಹೇಳುವವರು ಯಾರು ಎಂಬ ಉಳಿದರ್ಧವೇ ನನ್ನ ಮಟ್ಟಿಗೆ ಹೆಚ್ಚು ರುಚಿಕರ.

ಕಚ್ಚಾ ಸಾಮಗ್ರಿಯ ವಿಷಯ ಬೇಗ ಮುಗಿಸಿಬಿಡಬಹುದು. ಪೇಟೆಯಲ್ಲಿ ಸಿಗುವ ಎಲ್ಲ ಸಿಹಿಯೂ ಹಿಟ್ಟು, ಸಕ್ಕರೆ, ತುಪ್ಪಗಳ ಅವತಾರವೇ ಆದಂತೆ ಬೂಷ್ಟಿನ ಸಾವಿರಾರು ಸರಕುಗಳೂ ಮೂರು-ನಾಲ್ಕು ಮೂಲವಸ್ತುಗಳಿಂದಲೇ ಹುಟ್ಟುತ್ತವೆ. ಎರಡು ಇಂಗಾಲದ ಅಸಿಟೇಟ್ ತುಣುಕುಗಳನ್ನು ಪೋಣಿಸಿದರೆ ಪಾಲಿಕೀಟೈಡ್. ಐದು ಇಂಗಾಲದ ಐಸೊಪ್ರೀನ್ ತುಣುಕುಗಳನ್ನು ಪೋಣಿಸಿದರೆ ಟರ್ಪೀನ್, ಜಿಬ್ಬರೆಲಿನ್ ಈ ಮನೆತನದ್ದು. ಅಮೈನೋ ಆಮ್ಲಗಳನ್ನು ಪೋಣಿಸಿದರೆ ಪೆಪ್ಟೈಡ್, ಪೆನಿಸಿಲಿನ್ ಈ ಮನೆತನದ್ದು. ಅಸಿಟೇಟ್ ಪೋಣಿಸುವ ಊಹೆಯನ್ನು ನಾರ್ಮನ್ ಕಾಲಿ 19ನೇ ಶತಮಾನದ ಕೊನೆಯಲ್ಲೇ ಮಾಡಿದ್ದರೂ ಯಾರೂ ಕಿವಿಗೊಟ್ಟಿರಲಿಲ್ಲ. ಆಸ್ಟ್ರೇಲಿಯಾದ ಆರ್ಥರ್ ಬರ್ಚ್ 1953ರಲ್ಲಿ ಅದನ್ನು ಹೊಸದಾಗಿ ಎತ್ತಿಕೊಂಡು, 1955ರಲ್ಲಿ ವಿಕಿರಣಶೀಲ ಇಂಗಾಲದ ಗುರುತು ಹಚ್ಚಿದ ಅಸಿಟೇಟನ್ನು ಪೆನಿಸಿಲಿಯಂ ಬೂಷ್ಟಿಗೆ ತಿನ್ನಿಸಿದರು. ಬೂಷ್ಟು ತಯಾರಿಸಿದ ಸಣ್ಣ ಆಮ್ಲವೊಂದರಲ್ಲಿ ಒಂದು ಬಿಟ್ಟು ಒಂದು ಇಂಗಾಲಕ್ಕೆ ಗುರುತು ಬಂದಿತ್ತು. ಪೋಣಿಸುವುದು ಎರಡೆರಡಾಗಿಯೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಪೋಣಿಸುವ ಕೈಗಳನ್ನು ನೋಡಲು ಪೆನಿಸಿಲಿನ್‌ಗಿಂತ ಒಳ್ಳೆಯ ಬಾಗಿಲಿಲ್ಲ. 1928ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಫ್ಲೆಮಿಂಗ್ ಕಂಡ ತಟ್ಟೆಯ ಕಥೆ ನಮ್ಮ ಶಾಲೆಯ ಪಾಠಗಳಲ್ಲಿ ಸವೆದುಹೋಗಿದೆ. ಬೂಷ್ಟಿನ ಒಳಗೆ ನಡೆದದ್ದರ ಕಥೆ ಪಾಠಕ್ಕೆ ಬರಲೇ ಇಲ್ಲ. ಒಳಗೆ ನಡೆಯುವುದು ಇಷ್ಟು. ಮೊದಲು ಒಂದು ದೈತ್ಯ ಕಿಣ್ವ ಮೂರು ಅಮೈನೋ ಆಮ್ಲಗಳನ್ನು ಹಿಡಿದು ಜೋಡಿಸುತ್ತದೆ: ಅಮೈನೋಅಡಿಪಿಕ್ ಆಮ್ಲ, ಸಿಸ್ಟೀನ್, ವ್ಯಾಲಿನ್. ನಮ್ಮ ದೇಹದ ಪ್ರೋಟೀನ್‌ಗಳಂತೆ ಇದಕ್ಕೆ ರೈಬೊಸೋಮ್ ಬೇಕಿಲ್ಲ, ಓದಿಕೊಳ್ಳಲು ಆರ್‌ಎನ್‌ಎ ಓಲೆಯೂ ಬೇಕಿಲ್ಲ. ಜೋಡಿಸುವಾಗಲೇ ವ್ಯಾಲಿನ್ನಿನ ಎಡಗೈ ರೂಪವನ್ನು ಬಲಗೈ ರೂಪಕ್ಕೆ ತಿರುಗಿಸಿಬಿಡುತ್ತದೆ. ಹೀಗೆ ಸಿದ್ಧವಾಗುವ ಮೂರು ಮಣಿಯ ತುಂಡು ಇನ್ನೂ ನೆಟ್ಟನೆಯ ಸರ, ಅದರಲ್ಲಿ ಔಷಧದ ಗುಣ ಏನೂ ಇಲ್ಲ.

ಎರಡನೆಯ ಕಿಣ್ವ ಐಸೊಪೆನಿಸಿಲಿನ್-ಎನ್ ಸಿಂಥೇಸ್. ಗಾತ್ರದಲ್ಲಿ ಚಿಕ್ಕದು, ಹೊಟ್ಟೆಯಲ್ಲಿ ಒಂದೇ ಒಂದು ಕಬ್ಬಿಣದ ಪರಮಾಣು. ಸರದ ನಡುವಿನ ಗಂಧಕ ಬಂದು ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಆಗ ಗಾಳಿಯ ಆಮ್ಲಜನಕದ ಒಂದು ಅಣು ಕಬ್ಬಿಣದ ಇನ್ನೊಂದು ಮಗ್ಗುಲಿಗೆ ಕೂರುತ್ತದೆ. ಅದು ಸರದಿಂದ ನಾಲ್ಕು ಜಲಜನಕಗಳನ್ನು ಕಿತ್ತುಕೊಂಡು ಎರಡು ನೀರಿನ ಅಣುಗಳಾಗಿ ಹೊರಟುಹೋಗುತ್ತದೆ. ಕಿತ್ತ ಜಾಗಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ: ಮೊದಲು ನಾಲ್ಕು ಮೂಲೆಯ ಉಂಗುರ, ಹಿಂದೆಯೇ ಐದು ಮೂಲೆಯದು. ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕೆಲಸಕ್ಕೆ ಕಲ್ಲು ಹಾಕುವುದು ಆ ನಾಲ್ಕು ಮೂಲೆಯ ಬಿಗಿ ಉಂಗುರವೇ. ಎಂಐಟಿಯ ಜಾನ್ ಶೀಹನ್ ಆ ಉಂಗುರವನ್ನು ಕೈಯಾರೆ ಮುಚ್ಚುವ ದಾರಿಗಾಗಿ ಒಂಬತ್ತು ವರ್ಷ ಹೆಣಗಿ 1957ರಲ್ಲಿ ಗೆದ್ದರು. ಕಿಣ್ವ ಎರಡೂ ಉಂಗುರಗಳನ್ನು ಒಂದೇ ಪಟ್ಟಿನಲ್ಲಿ ಮುಚ್ಚುತ್ತದೆ.

ಇದನ್ನು ಕಣ್ಣಾರೆ ಕಂಡ ಬಗೆಯೂ ಹೇಳುವಂಥದ್ದೇ. ಆಕ್ಸ್‌ಫರ್ಡ್‌ನಲ್ಲಿ ಜಾಕ್ ಬಾಲ್ಡ್‌ವಿನ್ ಅವರ ಬಳಗ ಆಮ್ಲಜನಕ ಸೋಕದಂತೆ ಕಿಣ್ವವನ್ನೂ ಸರವನ್ನೂ ಒಟ್ಟಿಗೆ ಹರಳುಗಟ್ಟಿಸಿತು. ಆಮ್ಲಜನಕ ಇಲ್ಲದ್ದರಿಂದ ಕೆಲಸ ಅರ್ಧಕ್ಕೆ ನಿಂತಿತ್ತು. ಆಮೇಲೆ ಹರಳಿಗೆ ಒತ್ತಡದಲ್ಲಿ ಆಮ್ಲಜನಕ ಹಾಯಿಸಿ, ತಕ್ಷಣ ಶೈತ್ಯದಲ್ಲಿ ಹಿಡಿದಿಟ್ಟು ಎಕ್ಸ್-ಕಿರಣದ ಚಿತ್ರ ತೆಗೆದರು. 1999ರಲ್ಲಿ ಪ್ರಕಟವಾದ ಆ ಚಿತ್ರಗಳಲ್ಲಿ ಉಂಗುರ ಮುಚ್ಚಿರುವುದು ಕಾಣುತ್ತದೆ. ಕಿಣ್ವದ ಜಾಣತನ ಎಲ್ಲಿದೆ ಎಂಬುದೂ ಅಲ್ಲಿ ಕಾಣುತ್ತದೆ. ಅದು ಸರವನ್ನು ಅಲ್ಲಾಡದಂತೆ ಹಿಡಿದಿದೆ, ಅಷ್ಟೇ. ಎಲ್ಲವನ್ನೂ ಸುಡಬಲ್ಲ ಆಮ್ಲಜನಕಕ್ಕೆ ನಾಲ್ಕು ಜಲಜನಕಗಳ ಹೊರತು ಬೇರೇನೂ ಕೈಗೆಟುಕದಂತೆ ಮಾಡಿದೆ.

ಮೂರನೆಯ ಕಿಣ್ವ ಪೆರಾಕ್ಸಿಸೋಮ್ ಎಂಬ ಪುಟ್ಟ ಚೀಲದೊಳಗೆ ಕುಳಿತು ಅಮೈನೋಅಡಿಪಿಕ್ ಬಾಲವನ್ನು ಕಳಚಿ ಬೇರೆ ಬಾಲ ಹಚ್ಚುತ್ತದೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಪಿಯೋರಿಯಾದಲ್ಲಿ ಮೆಕ್ಕೆಜೋಳ ನೆನೆಸಿದ ನೀರಿನಲ್ಲಿ ಬೂಷ್ಟು ಬೆಳೆಸಿದಾಗ ಪೆನಿಸಿಲಿನ್ ಇಳುವರಿ ಏರಿದ್ದಕ್ಕೆ ಒಂದು ಕಾರಣ ಈ ಕಿಣ್ವ. ಹಚ್ಚಲು ಬೇಕಾದ ಫಿನೈಲ್‌ಅಸಿಟಿಕ್ ಆಮ್ಲ ಒದಗಿಸುವ ಸಾಮಗ್ರಿ ಆ ನೀರಿನಲ್ಲಿತ್ತು. ಅದೇ ಊರಿನ ಪೇಟೆಯಲ್ಲಿ ಸಿಕ್ಕ ಕೊಳೆತ ಕರ್ಬೂಜದ ಬೂಷ್ಟಿನಿಂದಲೇ ಇವತ್ತಿನ ಕಾರ್ಖಾನೆ ತಳಿಗಳ ವಂಶ ಬೆಳೆದದ್ದು. ಆ ತಳಿಗಳ ಜೀನೋಮಿನಲ್ಲಿ ಈ ಮೂರು ಜೀನ್‌ಗಳ ಗುಂಪು ಒಂದಲ್ಲ, ಹಲವು ಪ್ರತಿಗಳಲ್ಲಿದೆ. ಹೆಚ್ಚು ಪೆನಿಸಿಲಿನ್ ಕೊಟ್ಟದ್ದನ್ನು ಮಾತ್ರ ಆರಿಸುತ್ತ ಹೋದವರು ತಮಗೆ ಅರಿವಿಲ್ಲದೆ ಜೀನ್‌ಗಳ ನಕಲನ್ನೇ ಆರಿಸಿದ್ದರು.

ಜೀನ್‌ಗಳ ಈ ಅಕ್ಕಪಕ್ಕದ ವಾಸ ಬೂಷ್ಟಿನ ಲೋಕದ ದೊಡ್ಡ ಗುಟ್ಟು. ಗಿಡಗಳಲ್ಲಿ ಜಿಬ್ಬರೆಲಿನ್ ಜೀನ್‌ಗಳು ಜೀನೋಮಿನ ತುಂಬ ಚದುರಿವೆ. ಬೂಷ್ಟಿನಲ್ಲಿ ಒಂದೇ ಓಣಿ. ಇಬ್ಬರ ದಾರಿಯೂ ಬೇರೆ. ಮೂಲದ ಉಂಗುರಗಳನ್ನು ಕಟ್ಟಲು ಹೂಬಿಡುವ ಗಿಡಕ್ಕೆ ಎರಡು ಕಿಣ್ವ ಬೇಕು, ಬೂಷ್ಟು ಒಂದರಲ್ಲೇ ಮುಗಿಸುತ್ತದೆ. ಮುಂದಿನ ಕೆತ್ತನೆಯಲ್ಲಿ ಗಿಡ ಒಂದು ಜಾತಿಯ ಕಿಣ್ವಗಳನ್ನು ಬಳಸುವ ಕಡೆ ಬೂಷ್ಟು ಪಿ-450 ಎಂಬ ಬೇರೆಯೇ ಜಾತಿಯನ್ನು ಬಳಸುತ್ತದೆ. ಅಂದಮೇಲೆ ಬೂಷ್ಟು ಈ ವಿದ್ಯೆಯನ್ನು ಭತ್ತದಿಂದ ಕದ್ದದ್ದಲ್ಲ, ಸ್ವಂತವಾಗಿ ಕಲಿತದ್ದು. ಪೆನಿಸಿಲಿನ್ನಿನ ಮಾತು ಹಾಗಲ್ಲ. ಅದರ ಮೊದಲ ಎರಡು ಜೀನ್‌ಗಳಲ್ಲಿ ಬೂಷ್ಟಿನ ಜೀನ್‌ಗಳಿಗೆ ಸಹಜವಾದ ನಡುತುಂಡುಗಳಿಲ್ಲ, ಅಂಥವೇ ಜೀನ್‌ಗಳು ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿವೆ. ಯಾವುದೋ ಪ್ರಾಚೀನ ಕಾಲದಲ್ಲಿ ಬ್ಯಾಕ್ಟೀರಿಯಾದಿಂದ ಬೂಷ್ಟಿಗೆ ದಾಟಿರಬೇಕೆಂದು ಹಲವರ ಅಭಿಪ್ರಾಯ. ಬ್ಯಾಕ್ಟೀರಿಯಾ ಕೊಲ್ಲುವ ಮದ್ದಿನ ಪಾಠ ಬ್ಯಾಕ್ಟೀರಿಯಾದಿಂದಲೇ ಬಂದಿರುವುದು ಸಾಧ್ಯ.

ಇನ್ನು ಆ ಉಳಿದರ್ಧಕ್ಕೆ, ಅಂದರೆ ನಕ್ಷೆಯ ಪ್ರಶ್ನೆಗೆ ಬರೋಣ.

ಜಕಾರ್ಡ್ ಮಗ್ಗ ನೋಡಿದವರಿಗೆ ಗೊತ್ತು: ಮೇಲೆ ತೂತು ಕೊರೆದ ರಟ್ಟಿನ ಪಟ್ಟಿಗಳ ಮಾಲೆ ತೂಗುತ್ತಿರುತ್ತದೆ. ಒಂದೊಂದು ಲಾಳಿ ಎಸೆತಕ್ಕೂ ಒಂದೊಂದು ಪಟ್ಟಿ. ಪಟ್ಟಿಗಳನ್ನು ಓದಬಲ್ಲವನು ಸೀರೆ ನೇಯುವ ಮೊದಲೇ ಅದರ ಚಿತ್ತಾರ ಹೇಳಬಲ್ಲ. ಎರಿಥ್ರೊಮೈಸಿನ್ ತಯಾರಿಸುವ ಬ್ಯಾಕ್ಟೀರಿಯಾದ ಕಿಣ್ವ ಇಂಥ ಮಗ್ಗ. ಸರಪಳಿಗೆ ಸೇರುವ ಪ್ರತಿ ತುಣುಕಿಗೂ ಒಂದು ಪ್ರತ್ಯೇಕ ವಿಭಾಗ ಇದೆ. ವಿಭಾಗಗಳ ಸಾಲನ್ನು ಓದಿದರೆ ಬಹುಮಟ್ಟಿಗೆ ಅಣುವಿನ ರೂಪವೇ ತಿಳಿಯುತ್ತದೆ. 1990ರ ಸುಮಾರಿಗೆ ಇದು ತಿಳಿದಾಗ ಬೂಷ್ಟಿನ ಕಿಣ್ವಗಳನ್ನೂ ಹೀಗೆಯೇ ಓದಬಹುದೆಂಬ ಆಸೆ ಹುಟ್ಟಿತ್ತು. ಬೂಷ್ಟು ಆ ಆಸೆಗೆ ನೀರೆರಚಿತು.

ಲೊವಾಸ್ಟಾಟಿನ್ ಅದಕ್ಕೆ ಸಾಕ್ಷಿ. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳ ಕುಲಕ್ಕೆ ಮೂಲಪುರುಷ ಜಪಾನಿನ ಅಕಿರಾ ಎಂಡೊ. ಎರಡು ವರ್ಷ ಸುಮಾರು 6,000 ಬೂಷ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕ್ಯೋಟೋ ನಗರದ ಧಾನ್ಯದಂಗಡಿಯ ಅಕ್ಕಿಯಲ್ಲಿ ಸಿಕ್ಕ ನೀಲಿ-ಹಸಿರು ಪೆನಿಸಿಲಿಯಂನಿಂದ 1973ರಲ್ಲಿ ಮೊದಲ ಸ್ಟಾಟಿನ್ ತೆಗೆದರು. ಅದರ ಸೋದರ ಲೊವಾಸ್ಟಾಟಿನ್ ಆಸ್ಪರ್ಜಿಲಸ್ ಟೆರ್ರಿಯಸ್ ಎಂಬ ಬೂಷ್ಟಿನಲ್ಲಿ ಸಿಕ್ಕಿ 1987ರಲ್ಲಿ ಅಮೆರಿಕದ ಔಷಧಾಲಯ ಸೇರಿತು. ನಮ್ಮ ಬೆಂಗಳೂರಿಗೂ ಇದರೊಂದಿಗೆ ನಂಟಿದೆ: 1978ರಲ್ಲಿ ಕಿಣ್ವಗಳ ವ್ಯಾಪಾರದಿಂದ ಆರಂಭವಾದ ಬಯೋಕಾನ್, ಹುದುಗಿಸುವ ವಿದ್ಯೆಯನ್ನೇ ಬಂಡವಾಳ ಮಾಡಿಕೊಂಡು, 2001ರಲ್ಲಿ ಲೊವಾಸ್ಟಾಟಿನ್ ತಯಾರಿಕೆಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಪಡೆದ ಮೊದಲ ಭಾರತೀಯ ಕಂಪನಿಯಾಯಿತು. ಎಂಡೊ 2024ರ ಜೂನ್‌ನಲ್ಲಿ 90ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರಿಗೆ ನೊಬೆಲ್ ಬರಲಿಲ್ಲ ಎಂಬ ಬೇಸರ ನನಗೂ ಇದೆ.

ಲೊವಾಸ್ಟಾಟಿನ್ನಿನ ಮೈ ಕಟ್ಟುವ ಕಿಣ್ವದ ಹೆಸರು ಲೊವ್‌ಬಿ. ಇದರಲ್ಲಿ ವಿಭಾಗಗಳ ಸಾಲಿಲ್ಲ. ಒಂದೇ ವಿಭಾಗ, ಅದರೊಳಗೆ ಐದಾರು ಅಂಗಗಳು: ಒಂದು ಹೊಸ ತುಣುಕು ಜೋಡಿಸುವುದು, ಒಂದು ಆಮ್ಲಜನಕದ ಕೊಂಡಿಗೆ ಜಲಜನಕ ಕೊಟ್ಟು ತಣಿಸುವುದು, ಒಂದು ನೀರನ್ನು ಹಿಂಡಿ ತೆಗೆಯುವುದು, ಒಂದು ಮೀಥೈಲ್ ಎಂಬ ಚಿಕ್ಕ ಕವಲನ್ನು ಹಚ್ಚುವುದು. ನಡುವೆ ಲಾಳಿಯಂತೆ ಓಡಾಡುವುದು ಬಿ-5 ವಿಟಮಿನ್‌ನಿಂದ ಬಂದ ಉದ್ದನೆಯ ತೋಳು. ಬೆಳೆಯುತ್ತಿರುವ ಸರಪಳಿ ಆ ತೋಳಿಗೆ ಅಂಟಿಕೊಂಡೇ ಇರುತ್ತದೆ, ಕೆಲಸ ಮುಗಿಯುವ ತನಕ ಕೆಳಗಿಳಿಯದು. ಲೊವ್‌ಸಿ ಎಂಬ ಇನ್ನೊಂದು ಕಿಣ್ವ ಪಕ್ಕದಲ್ಲಿ ನಿಂತು, ಬೇಕಾದ ಸುತ್ತಿನಲ್ಲಿ ಮಾತ್ರ ಜೋಡಿಕೊಂಡಿಗಳನ್ನು ತಣಿಸುತ್ತದೆ. ಒಂಬತ್ತು ಅಸಿಟೇಟ್ ತುಣುಕುಗಳು ಸೇರುವ ಹೊತ್ತಿಗೆ ಸುಮಾರು 35 ರಾಸಾಯನಿಕ ಕ್ರಿಯೆಗಳು ನಡೆದಿರುತ್ತವೆ. ಪ್ರತಿ ಸುತ್ತಿನಲ್ಲೂ ಅಂಗಗಳು ಅವೇ, ಮಾಡುವ ಕೆಲಸ ಮಾತ್ರ ಬೇರೆ ಬೇರೆ. ಮೀಥೈಲ್ ಹಚ್ಚುವುದು ಇಡೀ ನೇಯ್ಗೆಯಲ್ಲಿ ಒಂದೇ ಸಲ, ನಾಲ್ಕನೆಯ ತುಣುಕು ಸೇರಿದಾಗ. ಲೊವ್‌ಸಿ ಕೈಹಾಕುವುದು ಮೂರೇ ಸಲ: ನಾಲ್ಕು, ಐದು ಮತ್ತು ಏಳು ತುಣುಕುಗಳಾದಾಗ.

ಪಟ್ಟಿ ಇಲ್ಲದ ಮಗ್ಗ ಚಿತ್ತಾರ ತಪ್ಪದೆ ನೇಯುತ್ತಿದೆ. ಸುತ್ತುಗಳನ್ನು ಎಣಿಸುತ್ತಿರುವವರು ಯಾರು?

ಲಾಸ್ ಏಂಜಲೀಸ್‌ನ ಯಿ ಟ್ಯಾಂಗ್ ಮತ್ತು ಸಂಗಡಿಗರು 2009ರಲ್ಲಿ ಲೊವ್‌ಬಿಯನ್ನು ಶುದ್ಧರೂಪದಲ್ಲಿ ಪಡೆದು, ಬೂಷ್ಟಿನ ಹಂಗಿಲ್ಲದೆ ಗಾಜಿನ ನಳಿಗೆಯಲ್ಲಿ ಕೆಲಸ ಮಾಡಿಸಿದರು. ಜೊತೆಗೆ ಲೊವ್‌ಸಿ ಕೊಡದಿದ್ದರೆ ನೇಯ್ಗೆ ಅರ್ಧದಲ್ಲೇ ದಾರಿ ತಪ್ಪಿ, ಸರಪಳಿ ಮುದುರಿಕೊಂಡು ಬೇಡದ ವಸ್ತುವಾಗಿ ಉದುರಿತು. ಮೀಥೈಲ್ ಪ್ರಶ್ನೆಗೆ ಉತ್ತರ ಬಂದದ್ದು 2015ರಲ್ಲಿ, ಅದು ನಿರೀಕ್ಷೆಗಿಂತ ಸರಳ. ಯಾರೂ ಎಣಿಸುತ್ತಿಲ್ಲ. ಪ್ರತಿ ಸುತ್ತಿನಲ್ಲೂ ಹೊಸದಾಗಿ ಬೆಳೆದ ಸರಪಳಿಯ ತುದಿಗಾಗಿ ತಣಿಸುವ ಅಂಗಕ್ಕೂ ಮೀಥೈಲ್ ಅಂಗಕ್ಕೂ ಪೈಪೋಟಿ. ಬಸ್ಸಿನಲ್ಲಿ ಸೀಟಿಗೆ ಕರ್ಚೀಫ್ ಎಸೆಯುವ ಹಾಗೆ: ಯಾರು ಮೊದಲೋ ಜಾಗ ಅವರದು. ತಣಿಸುವ ಅಂಗ ಮೊದಲು ಮುಟ್ಟಿಬಿಟ್ಟರೆ ಮೀಥೈಲಿಗೆ ಜಾಗವೇ ಇಲ್ಲ. ಉಳಿದೆಲ್ಲ ಉದ್ದದಲ್ಲೂ ತಣಿಸುವುದೇ ಗೆಲ್ಲುತ್ತದೆ. ನಾಲ್ಕು ತುಣುಕಿನ ಸರಪಳಿಯ ಮೇಲೆ ಮಾತ್ರ ಮೀಥೈಲ್ ಅಂಗದ ಓಟ ಮಿಂಚಿನಂಥದ್ದು. ಚಿತ್ತಾರ ಇರುವುದು ಯಾವ ಪಟ್ಟಿಯಲ್ಲೂ ಅಲ್ಲ, ಈ ಓಟಗಳ ವೇಗದಲ್ಲಿ.

ಇದು ಚೆಂದದ ಉತ್ತರ. ದುಬಾರಿ ಉತ್ತರವೂ ಹೌದು. ವೇಗವನ್ನು ಜೀನಿನ ಅಕ್ಷರಗಳಲ್ಲಿ ಓದಲು ಬರುವುದಿಲ್ಲ, ಒಂದೊಂದು ಕಿಣ್ವಕ್ಕೂ ಕೂತು ಅಳೆಯಬೇಕು. ಹಾಗಾಗಿ ಇವತ್ತು ಬೂಷ್ಟಿನ ಜೀನೋಮ್ ಓದಿದ ಕಂಪ್ಯೂಟರು ಇಲ್ಲೊಂದು ಪಾಲಿಕೀಟೈಡ್ ಮಗ್ಗ ಇದೆ ಎಂದು ಹೇಳಬಲ್ಲದು. ಅದು ಯಾವ ಸೀರೆ ನೇಯುತ್ತದೆ ಎಂದು ಕೇಳಿದರೆ ತಡವರಿಸುತ್ತದೆ.

ಲೊವಾಸ್ಟಾಟಿನ್ನಿನ ಉಳಿದ ಕಥೆ ಚಿಕ್ಕದು. ಮುಗಿದ ಸರಪಳಿಯನ್ನು ತೋಳಿನಿಂದ ಕತ್ತರಿಸುವುದು ಲೊವ್‌ಜಿ, ಪಕ್ಕದ ಚಿಕ್ಕ ಬಾಲವನ್ನು ನೇಯುವುದು ಲೊವ್‌ಎಫ್, ಬಾಲವನ್ನು ಮೈಗೆ ಹಚ್ಚುವುದು ಲೊವ್‌ಡಿ. ಬಾಲದಲ್ಲಿ ಒಂದು ಮೀಥೈಲ್ ಹೆಚ್ಚಿದ್ದರೆ ಅದೇ ಸಿಮ್ವಾಸ್ಟಾಟಿನ್, ನಮ್ಮ ಔಷಧದಂಗಡಿಗಳ ಪರಿಚಿತ ಮಾತ್ರೆ. ಕೊಡೆಕ್ಸಿಸ್ ಎಂಬ ಕಂಪನಿ ಮತ್ತು ಟ್ಯಾಂಗ್ ಸೇರಿ ಲೊವ್‌ಡಿಯನ್ನು ಪೀಳಿಗೆಯ ಮೇಲೆ ಪೀಳಿಗೆ ತಿದ್ದಿ, 29 ಕಡೆ ಬದಲಾಯಿಸಿ, ಆ ಹೊಸ ಬಾಲವನ್ನು ನೇರವಾಗಿ ಹಚ್ಚುವಂತೆ ಪಳಗಿಸಿದರು. 2012ರಲ್ಲಿ ಅದಕ್ಕೆ ಅಮೆರಿಕದ ಹಸಿರು ರಸಾಯನಶಾಸ್ತ್ರದ ಅಧ್ಯಕ್ಷೀಯ ಪ್ರಶಸ್ತಿ ಬಂತು. ಲೊವ್‌ಬಿಯಂಥ ದೈತ್ಯರಿಗೆ ಇಂಥ ಪಳಗಿಸುವಿಕೆ ಇನ್ನೂ ಸಲೀಸಾಗಿಲ್ಲ. ಸಣ್ಣ ಕಿಣ್ವ ಮಾತು ಕೇಳುತ್ತದೆ, ದೊಡ್ಡದು ಕೇಳದು.

ದೊಡ್ಡದೆಂದರೆ ಎಷ್ಟು ದೊಡ್ಡದು? ಅಂಗಾಂಗ ಕಸಿಯನ್ನು ಸಾಧ್ಯ ಮಾಡಿದ ಸೈಕ್ಲೊಸ್ಪೊರಿನ್, ನಾರ್ವೆಯ ಹಾರ್ಡಂಗರ್ ಪ್ರಸ್ಥಭೂಮಿಯ ಮಣ್ಣಿನಿಂದ ಸ್ವಿಸ್ ಕಂಪನಿ ಸ್ಯಾಂಡೋಜ್ ತೆಗೆದ ಬೂಷ್ಟಿನ ಸರಕು. 11 ಅಮೈನೋ ಆಮ್ಲಗಳ ಒಂದು ಉಂಗುರ. ಅದನ್ನು ಪೋಣಿಸುವ ಕಿಣ್ವದಲ್ಲಿ 15,281 ಅಮೈನೋ ಆಮ್ಲಗಳಿವೆ, ಎಲ್ಲವೂ ಒಂದೇ ಎಳೆಯಲ್ಲಿ. ಹನ್ನೊಂದು ಮಣಿಯ ಬಳೆಗೆ ಹದಿನೈದು ಸಾವಿರ ಮಣಿಯ ಯಂತ್ರ! ಇಲ್ಲಿ ಮಾತ್ರ ಬೂಷ್ಟು ಜಕಾರ್ಡ್ ಪದ್ಧತಿಗೆ ಹತ್ತಿರ: ಮಣಿಗೊಂದು ವಿಭಾಗ, ಒಟ್ಟು ಹನ್ನೊಂದು.

ನಕ್ಷೆ ಇರಬಹುದಾದ ಇನ್ನೊಂದು ಜಾಗವನ್ನು ತೋರಿಸಿಕೊಟ್ಟದ್ದು ಒಂದು ವಿಷ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಕಾರಣ ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿ. ಹಿಂಡಿಯಲ್ಲಿದ್ದ ಆಸ್ಪರ್ಜಿಲಸ್ ಫ್ಲೇವಸ್ ಬೂಷ್ಟು. ಬೂಷ್ಟು ಮಾಡಿದ ಅಫ್ಲಾಟಾಕ್ಸಿನ್. 1974ರಲ್ಲಿ ಗುಜರಾತ್-ರಾಜಸ್ಥಾನದ ಗಡಿಯ ಹಳ್ಳಿಗಳಲ್ಲಿ ಮಳೆಗೆ ಸಿಕ್ಕ ಮೆಕ್ಕೆಜೋಳ ತಿಂದು ಕಾಮಾಲೆಯಾಗಿ ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡದ್ದಕ್ಕೂ ಇದೇ ಕಾರಣ. ಚಳ್ಳಕೆರೆ, ಪಾವಗಡದ ಕಡೆ ಶೇಂಗಾ ಬೆಳೆಯುವವರಿಗೆ ಈ ಬೂಷ್ಟು ಹೊಸದಲ್ಲ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಕಾದರೆ ಅದು ಮಣ್ಣಿನಲ್ಲೇ ಕಾಯಿಗೆ ಇಳಿಯುತ್ತದೆ.

ಅಫ್ಲಾಟಾಕ್ಸಿನ್ ಕಟ್ಟಲು ಸುಮಾರು 25 ಜೀನ್‌ಗಳು ಒಂದೇ ಓಣಿಯಲ್ಲಿ ಸಾಲುಗಟ್ಟಿ ನಿಂತಿವೆ. ಮೊದಲ ಮಗ್ಗ ಅಸಿಟೇಟಿನಿಂದ ಶುರುಮಾಡುವುದಿಲ್ಲ. ಹಾಲಿಗೆ ಹೆಪ್ಪು ಹಾಕಿದಂತೆ, ಬೇರೆ ಎರಡು ಕಿಣ್ವಗಳು ಕೂಡಿ ತಯಾರಿಸಿದ ಆರು ಇಂಗಾಲದ ಕೊಬ್ಬಿನ ತುಣುಕೇ ಅದರ ಹೆಪ್ಪು. ಅದಕ್ಕೆ ಏಳು ತುಣುಕು ಸೇರಿದ ಮೇಲೆ ಸಿಗುವುದು ಅತಿ ಚಂಚಲ ಸರಪಳಿ, ಸುಮ್ಮನೆ ಬಿಟ್ಟರೆ ಎಲ್ಲೆಂದರಲ್ಲಿ ತನ್ನನ್ನೇ ಕಚ್ಚಿಕೊಳ್ಳುವಂಥದ್ದು. ಜಾನ್ಸ್ ಹಾಪ್‌ಕಿನ್ಸ್‌ನ ಕ್ರೇಗ್ ಟೌನ್ಸೆಂಡ್ ಅವರ ತಂಡ ಈ ಕಿಣ್ವವನ್ನು ಅಂಗ ಅಂಗವಾಗಿ ಬಿಡಿಸಿ, ಬೇಕಾದಂತೆ ಮತ್ತೆ ಜೊತೆಗೂಡಿಸಿ, ಸರಪಳಿಯನ್ನು ಮಡಿಸುವ ಅಂಗ ಯಾವುದೆಂದು ತೋರಿಸಿತು. 2009ರಲ್ಲಿ ಅದರ ರಚನೆಯೂ ಸಿಕ್ಕಿತು: ಒಳಗೊಂದು ಗವಿ, ಗವಿಯ ಕೊನೆಯಲ್ಲಿ ಹೆಪ್ಪಿನ ಬಾಲ ಸರಿಯಾಗಿ ಹೊಕ್ಕು ಕೂರುವಷ್ಟೇ ಜಾಗ. ಬೆಲ್ಲದ ಅಚ್ಚಿನಲ್ಲಿ ಪಾಕ ಯಾವ ಆಕಾರ ತಳೆಯಬೇಕೆಂಬುದು ಅಚ್ಚಿಗೆ ಗೊತ್ತಿರುವಂತೆ ಇಲ್ಲಿ ನಕ್ಷೆ ಇರುವುದು ಟೊಳ್ಳಿನ ಆಕಾರದಲ್ಲಿ. ಲೊವ್‌ಬಿಯ ಓಟಕ್ಕಿಂತ ಇದು ಓದಲು ಸುಲಭ. ಈ ಮನೆತನದ ಕಿಣ್ವಗಳ ಬಗ್ಗೆ ಭವಿಷ್ಯ ಹೇಳುವುದರಲ್ಲಿ ವಿಜ್ಞಾನ ಮುಂದಿರುವುದೂ ಅದಕ್ಕೇ.

ಈ ಜ್ಞಾನ ಹೊಲಕ್ಕೂ ಇಳಿದಿದೆ. ಅಮೆರಿಕದ ಹತ್ತಿ ಹಾಗೂ ಶೇಂಗಾ ಹೊಲಗಳಲ್ಲಿ ವಿಷ ಮಾಡಲಾರದ ಅದೇ ಜಾತಿಯ ಬೂಷ್ಟನ್ನು ಬೀಜದಂತೆ ಎರಚಿ, ವಿಷ ಮಾಡುವ ತಳಿಗೆ ಜಾಗವಿಲ್ಲದಂತೆ ಮಾಡುತ್ತಾರೆ. ಹಾಗೆ ಬಳಸುವ ಒಂದು ತಳಿಯಲ್ಲಿ ಮೊದಲ ಮಗ್ಗದ ಜೀನಿನ ಒಂದೇ ಅಕ್ಷರ ತಪ್ಪಾಗಿದೆ. ಇನ್ನೊಂದರಲ್ಲಿ ಓಣಿಗೆ ಓಣಿಯೇ ಮಾಯ. ಜಪಾನಿನಲ್ಲಿ ಸೋಯಾ ಸಾಸಿಗೆ, ಸಾಕೆಗೆ ಬಳಸುವ ಕೋಜಿ ಬೂಷ್ಟು ಇದೇ ಫ್ಲೇವಸ್‌ನ ಪಳಗಿದ ದಾಯಾದಿ. ಅದರ ಮೈಯಲ್ಲೂ ಆ ವಿಷದ ಜೀನ್‌ಗಳ ಪಳೆಯುಳಿಕೆ ಇದೆ, ಆದರೆ ಬಾಯಿ ಬಿಡುವುದಿಲ್ಲ. ಬೇರೆ ಬೂಷ್ಟುಗಳ ಜೀನ್‌ಗಳನ್ನು ಹಾಕಿ ಕೆಲಸ ಮಾಡಿಸಿ ನೋಡಲು ವಿಜ್ಞಾನಿಗಳು ಈಗ ನೆಚ್ಚಿಕೊಂಡಿರುವುದು ಇದೇ ಸಾಧು ಕೋಜಿಯನ್ನು.

ಒಂದು ಹಳೆಯ ಜಗಳದ ಪ್ರಸ್ತಾಪ ಮಾಡದಿದ್ದರೆ ಸಮೀಕ್ಷೆ ಅಪೂರ್ಣ. ಫ್ಲೆಮಿಂಗ್ ತನ್ನ ತಟ್ಟೆ ನೋಡಿದ 1928ರಲ್ಲೇ ಜರ್ಮನಿಯ ಡೀಲ್ಸ್ ಮತ್ತು ಆಲ್ಡರ್ ಒಂದು ಕ್ರಿಯೆಯನ್ನು ಪ್ರಕಟಿಸಿದರು: ಎರಡು ತುಂಡುಗಳು ಒಂದೇ ಏಟಿಗೆ ಎರಡು ಕಡೆ ಬೆಸೆದು ಆರು ಮೂಲೆಯ ಉಂಗುರವಾಗುತ್ತವೆ. ರಸಾಯನಶಾಸ್ತ್ರದಲ್ಲಿ ಉಂಗುರ ಕಟ್ಟಲು ಇದಕ್ಕಿಂತ ನೆಚ್ಚಿನ ದಾರಿ ಇನ್ನೊಂದಿಲ್ಲ. ಬೂಷ್ಟಿನ ಅಣುಗಳಲ್ಲಿ ಅಂಥ ಉಂಗುರಗಳು ಹೇರಳ, ಲೊವಾಸ್ಟಾಟಿನ್ನಿನಲ್ಲೂ ಇವೆ. ಆದರೆ ಅದನ್ನು ಮಾಡಿಸುವ ಕಿಣ್ವ ನಿಜಕ್ಕೂ ಇದೆಯೇ, ಅಥವಾ ಸರಕು ತಾನಾಗಿ ಬೆಸೆದುಕೊಳ್ಳುತ್ತದೆಯೇ ಎಂದು ದಶಕಗಳ ಕಾಲ ಕಿತ್ತಾಟ ನಡೆಯಿತು. 2017ರಲ್ಲಿ ಆಸ್ಪರ್ಜಿಲಸ್‌ನ ಲೆಪ್‌ಐ ಎಂಬ ಕಿಣ್ವ ವರದಿಯಾದ ಮೇಲೆ ಅನುಮಾನಕ್ಕೆ ಹೆಚ್ಚು ಜಾಗ ಉಳಿದಿಲ್ಲ. ತಮಾಷೆಯೆಂದರೆ ಲೆಪ್‌ಐ ನೋಡಲು ಮೀಥೈಲ್ ಹಚ್ಚುವ ಕಿಣ್ವದಂತಿದೆ. ಮೀಥೈಲ್ ಹೊತ್ತ ಅಣುವನ್ನೂ ಹೊಟ್ಟೆಯಲ್ಲಿಟ್ಟುಕೊಂಡಿದೆ. ಆದರೆ ಮೀಥೈಲ್ ಹಚ್ಚುವುದಿಲ್ಲ. ಆ ಅಣುವಿನ ಧನ ವಿದ್ಯುದಂಶವನ್ನು ಬಳಸಿಕೊಂಡು ಸರಕು ದಾರಿ ತಪ್ಪದಂತೆ ನೋಡಿಕೊಳ್ಳುತ್ತದೆ, ತಪ್ಪಿ ಅಡ್ಡದಾರಿ ಹಿಡಿದದ್ದನ್ನೂ ತಿದ್ದಿ ತರುತ್ತದೆ. ಹಳೆಯ ಕುಡುಗೋಲನ್ನು ಬಾಗಿಲ ಅಗುಳಿ ಮಾಡಿಕೊಂಡಂತೆ. ಜೀನಿನ ಮುಖ ನೋಡಿ ಕೆಲಸ ಊಹಿಸುವವರಿಗೆ ಇದು ಇನ್ನೊಂದು ಪೆಟ್ಟು.

ಆಸ್ಪರ್ಜಿಲಸ್‌ನ ಮೂರು ಜಾತಿಗಳ ಜೀನೋಮ್ 2005ರ ಡಿಸೆಂಬರಿನಲ್ಲಿ ಒಟ್ಟಿಗೆ ಪ್ರಕಟವಾದಾಗ ಎಲ್ಲರಿಗೂ ಕಂಡದ್ದು ಒಂದೇ: ಗೊತ್ತಿದ್ದ ವಸ್ತುಗಳಿಗಿಂತ ಮಗ್ಗಗಳೇ ಬಹಳ ಹೆಚ್ಚು. ಒಂದೊಂದು ಬೂಷ್ಟಿನಲ್ಲೂ ಹತ್ತಾರು ಓಣಿಗಳು, ಬಹುಪಾಲು ಬೀಗ ಜಡಿದವು. ವಿಸ್ಕಾನ್ಸಿನ್‌ನ ನ್ಯಾನ್ಸಿ ಕೆಲರ್ ಅದರ ಹಿಂದಿನ ವರ್ಷವೇ ಲೇ-ಎ ಎಂಬ ಒಂದು ಜೀನ್ ಅನೇಕ ಓಣಿಗಳ ಬೀಗದ ಕೈ ಇಟ್ಟುಕೊಂಡಿರುವುದನ್ನು ಗುರುತಿಸಿದ್ದರು. ಹೊರಗಿನ ಹದವೂ ಬೀಗ ತೆಗೆಯುತ್ತದೆ: ಜಿಬ್ಬರೆಲಿನ್ ತೊಟ್ಟಿಯಲ್ಲಿ ಸಾರಜನಕ ಖಾಲಿಯಾಗುವವರೆಗೂ ಬೂಷ್ಟು ಬರೀ ಮೈ ಬೆಳೆಸುತ್ತದೆ, ಖಾಲಿಯಾದ ಮೇಲಷ್ಟೇ ಹಾರ್ಮೋನು ನೇಯಲು ಕೂರುತ್ತದೆ.

ಇಲ್ಲಿಯೇ ನಮ್ಮವರ ಕೆಲಸದ ಮಾತು ಬರುತ್ತದೆ. 1993ರಲ್ಲಿ ಅಮೆರಿಕದ ಮೊಂಟಾನಾದಿಂದ ಒಂದು ಸುದ್ದಿ ಬಂತು: ಯೂ ಮರದ ತೊಗಟೆಯೊಳಗೆ ಬದುಕುವ ಬೂಷ್ಟೊಂದು ಆ ಮರದ ಕ್ಯಾನ್ಸರ್ ಔಷಧ ಟ್ಯಾಕ್ಸಾಲನ್ನು ತಾನೂ ತಯಾರಿಸುತ್ತದೆ ಎಂದು. ಅಲ್ಲಿಂದೀಚೆಗೆ ಗಿಡದೊಳಗಿನ ಬೂಷ್ಟುಗಳಿಂದ ಗಿಡದ ಔಷಧ ಸಿಕ್ಕಿತೆಂಬ ಪ್ರಬಂಧಗಳು, ಅದರಲ್ಲೂ ಭಾರತದಿಂದ, ಸುಗ್ಗಿಯಂತೆ ಬಂದಿವೆ. 2013ರಲ್ಲಿ ಮೂಲ ಬೂಷ್ಟನ್ನೂ ಸೇರಿಸಿ ಮರುಪರೀಕ್ಷಿಸಿದ ತಂಡಕ್ಕೆ ಅದು ಸ್ವತಂತ್ರವಾಗಿ ಟ್ಯಾಕ್ಸಾಲ್ ಕಟ್ಟುತ್ತದೆಂಬ ಪುರಾವೆ ಸಿಗಲಿಲ್ಲ. ಪಶ್ಚಿಮ ಘಟ್ಟದ ನೋಥಪೊಡೈಟಿಸ್ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧವಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಆ ಮರದ ಬೂಷ್ಟುಗಳನ್ನು ಬೇರ್ಪಡಿಸಿ ಬೆಳೆಸಿ, 2010ರಲ್ಲಿ ಮುಚ್ಚುಮರೆಯಿಲ್ಲದೆ ಬರೆದರು: ಒಂದು ತಟ್ಟೆಯಿಂದ ಇನ್ನೊಂದಕ್ಕೆ ದಾಟಿಸುತ್ತ ಹೋದಂತೆ ಔಷಧದ ಪ್ರಮಾಣ ಇಳಿಯುತ್ತ ಹೋಯಿತು. ಸಿಕ್ಕಿತು ಎಂದು ಬರೆಯುವ ನೂರು ಪ್ರಬಂಧಗಳಿಗಿಂತ ಕಮ್ಮಿಯಾಯಿತು ಎಂದು ಬರೆದ ಇಂಥ ಒಂದು ನನಗೆ ಹೆಚ್ಚು ಬೆಲೆಯದು. ಇಳಿದದ್ದು ಓಣಿಗೆ ಬೀಗ ಬಿದ್ದದ್ದರಿಂದಲೋ, ಓಣಿಯೇ ಇಲ್ಲದೆ ಮರದಿಂದ ಬಂದ ಚೂರುಪಾರು ಮುಗಿದದ್ದರಿಂದಲೋ ಎಂಬುದನ್ನು ಜೀನ್‌ಗಳನ್ನು ತೋರಿಸಿಯೇ ತೀರ್ಮಾನಿಸಬೇಕು.

ಆದ್ದರಿಂದ ಧಾರವಾಡ, ಮಂಗಳೂರು, ಶಂಕರಘಟ್ಟ, ಮೈಸೂರುಗಳ ಪ್ರಯೋಗಾಲಯಗಳಲ್ಲಿ ಘಟ್ಟದ ಎಲೆಯಿಂದ, ತೊಗಟೆಯಿಂದ ಬೂಷ್ಟು ತೆಗೆಯುತ್ತಿರುವ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಯಂತ್ರದ ಕಾಗದದ ಮೇಲೆ ಗೆರೆ ಎದ್ದಿತೆಂದು ಅಷ್ಟಕ್ಕೇ ಬರೆದು ಮುಗಿಸಬೇಡಿ. ಅದನ್ನು ಕಟ್ಟಿದ ಜೀನ್‌ಗಳನ್ನು ಹುಡುಕಿ, ಕೋಜಿಯಂಥ ಬೇರೆ ಬೂಷ್ಟಿನಲ್ಲಿ ಹಾಕಿ ನೋಡಿ. ಅದಕ್ಕೆ ಹಣವಾಗಲಿ ಸಮಯವಾಗಲಿ ಇಲ್ಲದಿದ್ದರೆ, ಬೂಷ್ಟಿನ ಒಂದು ಪ್ರತಿಯನ್ನಾದರೂ ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹಕ್ಕೆ ಕೊಟ್ಟುಬಿಡಿ. ಫ್ಲೆಮಿಂಗ್ ತಟ್ಟೆಯ ಬೂಷ್ಟಿನ ವಂಶವನ್ನು ಇಂಗ್ಲೆಂಡಿನ ಸಂಗ್ರಹವೊಂದು ಶೈತ್ಯದಲ್ಲಿ ಕಾಪಾಡಿಕೊಂಡು ಬಂದಿತ್ತು. 2020ರಲ್ಲಿ ಅದನ್ನು ಹೊರತೆಗೆದು, ಮತ್ತೆ ಬೆಳೆಸಿ, ಜೀನೋಮನ್ನು ಓದಿದರು.